ಝಿಸ್ಮಾನ್ ಮೇಷ್ಟ್ರಿಗೆ ಹೇಳಿದ ಕದ್ದೀಷ್

ಝಿಸ್ಮಾನ್ ಮೇಷ್ಟ್ರು ತೀರಿಕೊಂಡರೆಂದು ಯಾಂಕು ಫೋನ್ ಮಾಡಿದಾಗ ನಾನು ಯಾರದೋ ಅಡುಗೆಮನೆಯಲ್ಲಿ ಫ್ರಿಜ್ ರಿಪೇರಿ ಮಾಡುತ್ತಿದ್ದೆ. ಸರಿ ಎಂದೆ. ಕೆಲಸ ಮುಗಿಸಿ, ಮನೆಯಾಕೆ ಕೊಟ್ಟ ಕಾಫಿಯನ್ನೂ ಕುಡಿದೆ. ದುಃಖ ಬರಲಿಲ್ಲ. ಬರಬೇಕಿತ್ತು ಎಂಬುದಷ್ಟೇ ಗೊತ್ತಿತ್ತು.

ಯಾಂಕು ನಮ್ಮ ಬೊತೊಶಾನಿ ಊರಿನ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ನೋಡಿಕೊಳ್ಳುವ ಮುದುಕ. ಫೋನ್ ಇಡುವ ಮೊದಲು ಇನ್ನೊಂದು ಮಾತು ಹೇಳಿದ್ದ.

"ಕದ್ದೀಷ್ ನೀನೇ ಹೇಳ್ಬೇಕಂತೆ ಕಣೋ ಬೇನು. ಮೇಷ್ಟ್ರು ಬರೆದಿಟ್ಟಿದ್ದಾರೆ."

"ನಾನಾ? ಅವರಿಗೆ ತಲೆ ಕೆಟ್ಟಿತ್ತಾ?"

"ಊರಲ್ಲಿ ಉಳಿದಿರೋ ಶಿಷ್ಯ ನೀನೊಬ್ಬನೇ. ಆರಿಸೋಕೆ ಬೇರೆ ಯಾರಿದ್ರು ಹೇಳು."

ಕದ್ದೀಷ್ ಸತ್ತ ತಂದೆಗೆ ಮಗ ಹೇಳುವ ಪ್ರಾರ್ಥನೆ. ಹತ್ತು ಗಂಡಸರು ಸೇರದೆ ಹೇಳುವಂತಿಲ್ಲ. ಮೇಷ್ಟ್ರಿಗೆ ಹೆಂಡತಿ ಮಕ್ಕಳು ಇರಲಿಲ್ಲ. ನಾನೋ ಅವರ ತರಗತಿಯ ಶತದಡ್ಡ. ಹೀಬ್ರೂ ಅಕ್ಷರದ ಮುಖ ನೋಡಿ ನಲವತ್ತು ವರ್ಷವಾಗಿತ್ತು.

ಮೇಷ್ಟ್ರು ಹಗಲು ಬಟ್ಟೆ ಗಿರಣಿಯಲ್ಲಿ ಬಣ್ಣ ಹಾಕಿ, ಸಂಜೆ ಸಿನಗಾಗ್ ಹಿಂದಿನ ಕೋಣೆಯಲ್ಲಿ ನಮಗೆ ಪಾಠ ಹೇಳುತ್ತಿದ್ದರು. ಅಕ್ಷರ ತೋರಿಸುವ ಬೆರಳು ಒಂದು ದಿನ ನೀಲಿ, ಒಂದು ದಿನ ಕಂದು. ನಮ್ಮಲ್ಲಿ ಓದುವವನು ತಪ್ಪಿದರೆ ಸುಮ್ಮನಿರುವ ಪದ್ಧತಿಯಿಲ್ಲ. ಇಡೀ ಸಿನಗಾಗ್ ಕೂಗಿ ತಿದ್ದುತ್ತದೆ, ಓದುವವನು ಎಷ್ಟೇ ಚಿಕ್ಕವನಾಗಿರಲಿ. ಹಾಗೊಂದು ಸಲ ಮುದುಕರೆಲ್ಲ ಕೂಗಿದ ರಭಸಕ್ಕೆ ನಾನು ಚಡ್ಡಿ ಒದ್ದೆ ಮಾಡಿಕೊಂಡೆ. ಮೇಷ್ಟ್ರು ತಮ್ಮ ಕೋಟು ಹೊದಿಸಿ ನನ್ನನ್ನು ಹೊರಗೆ ಕರೆದೊಯ್ದರು. "ಇವರೂ ಮಾಡ್ಕೊಂಡಿದ್ದೋರೇ. ಯಾರ್ಯಾರು ಅಂತ ಬೇಕಾದ್ರೆ ಹೇಳ್ತೀನಿ," ಎಂದರು. ಹೇಳಿಯೂ ಬಿಟ್ಟರು. ಅವತ್ತಿನಿಂದ ಅವರನ್ನು ಅಪ್ಪನಿಗಿಂತ ಹೆಚ್ಚು ಪ್ರೀತಿಸಿದೆ.

ಆಮೇಲೆ ಒಂದೊಂದೇ ಮನೆ ಖಾಲಿಯಾಗಿ ಇಸ್ರೇಲಿಗೆ ಹೋಯಿತು. ನಾವು ಉಳಿದದ್ದು ದೇಶಪ್ರೇಮದಿಂದಲ್ಲ. ಅರ್ಜಿ ತುಂಬಲು ಅಪ್ಪನಿಗೆ ಸೋಮಾರಿತನ.

ಫೋನ್ ಬಂದ ದಿನ ಸಂಜೆ ಪ್ರಾರ್ಥನೆ ಪುಸ್ತಕ ಹಿಡಿದು ಕೂತೆ. ಅಕ್ಷರಗಳು ನಿಧಾನವಾಗಿ ಮರಳಿದವು. ಐವತ್ತೆರಡು ವರ್ಷದವನು ಗೋರಿಯ ಮುಂದೆ ತಪ್ಪಿ ಬೈಸಿಕೊಳ್ಳಬಾರದು, ಅದಕ್ಕಿಂತ ಹೆಚ್ಚಾಗಿ ಅವರ ಪಾಠ ಮಣ್ಣುಪಾಲಾಯಿತು ಎನ್ನಿಸಬಾರದು. ಇಪ್ಪತ್ತು ಸಲ ಓದಿದೆ.

ಮರುದಿನ ಸ್ಮಶಾನದಲ್ಲಿ ಮಂಡಿಯುದ್ದ ಹಿಮ. ಹತ್ತು ಜನ ಆಗಲೆಂದು ಮೂವರನ್ನು ಪಕ್ಕದ ಊರು ಸುಚಾವಾದಿಂದ ವ್ಯಾನಿನಲ್ಲಿ ಕರೆಸಿದ್ದರು. ನಮ್ಮ ಪದ್ಧತಿಯಂತೆ ಸಲಿಕೆಯನ್ನು ಕೈಯಿಂದ ಕೈಗೆ ಕೊಡದೆ ಮಣ್ಣಿಗೆ ಚುಚ್ಚಿಡುತ್ತಾ, ಒಬ್ಬೊಬ್ಬರಾಗಿ ಮಣ್ಣು ಹಾಕಿದೆವು. ನಾನು ಪುಸ್ತಕ ತೆರೆದೆ.

ಮಧ್ಯದಲ್ಲಿ ಕಣ್ಣು ಜಾರಿ ಎರಡು ಸಾಲು ಹಾರಿಸಿಬಿಟ್ಟೆ. ತಕ್ಷಣ ಗೊತ್ತಾಯಿತು. ಕೂಗು ಬೀಳುತ್ತದೆಂದು ಕತ್ತು ಕುಗ್ಗಿಸಿ ನಿಂತೆ.

"ಆಮೇನ್," ಎಂದರು ಎಲ್ಲರೂ.

ಮುಂದಿನದನ್ನು ಓದಿ ಮುಗಿಸಿದೆ. ಸ್ಮಶಾನ ಬಿಡುವ ಮುನ್ನ ಪದ್ಧತಿಯಂತೆ ಗೇಟಿನ ಹತ್ತಿರ ಕೈ ತೊಳೆಯುವಾಗ ಯಾಂಕು ನನ್ನ ಬೆನ್ನು ತಟ್ಟಿದ. "ನೀರು ಕುಡಿದ ಹಾಗೆ ಓದಿದೆ ಮಾರಾಯ. ಒಂದು ತಪ್ಪಿಲ್ಲ."

"ಎರಡು ಸಾಲು ಬಿಟ್ಟೆ."

"ಬಿಟ್ಟಿದ್ರೆ ಯಾರಾದ್ರೂ ಹೇಳ್ತಿರಲಿಲ್ವಾ?"

"ಯಾರು?"

ಯಾಂಕು ತಿರುಗಿ ಒಬ್ಬೊಬ್ಬರ ಮುಖ ನೋಡಿದ. ಸುಚಾವಾದವನೊಬ್ಬ ಬೂಟು ನೋಡಿಕೊಂಡ. "ನನಗೆ ಆಮೇನ್ ಒಂದೇ ಗೊತ್ತಿರೋದು," ಎಂದ.

"ವಾಪಸ್ ಬನ್ನಿ. ಮತ್ತೆ ಓದ್ತೀನಿ," ಎಂದೆ.

"ಕೈ ತೊಳೆದಾಯ್ತಲ್ಲೋ. ನೀರು ಹೇಗೆ ಕೊರೆಯುತ್ತೆ ನೋಡು," ಎಂದು ಯಾಂಕು ಗೊಣಗಿದ.

"ಮತ್ತೆ ತೊಳೆಯೋಣ."

ನನ್ನನ್ನೂ ಮೇಷ್ಟ್ರನ್ನೂ ಒಟ್ಟಿಗೆ ಬೈದುಕೊಳ್ಳುತ್ತಾ ಒಂಬತ್ತು ಜನವೂ ಹಿಮ ತುಳಿದು ವಾಪಸು ಬಂದರು. ಬೆರಳಿಟ್ಟುಕೊಂಡು ನಿಧಾನವಾಗಿ, ಒಂದು ಮಾತೂ ಬಿಡದೆ ಓದಿದೆ. ಅವರು ಮೊದಲಿನಂತೆಯೇ ಆಮೇನ್ ಎಂದರು. ಈ ಸಲ ಸರಿಯಾಗಿತ್ತು. ಸರಿಯಾಗಿದೆ ಎನ್ನಲು ಅಲ್ಲಿ ಯಾರೂ ಇರಲಿಲ್ಲ.