ಮೇಣ ಹೋದ ಜಾಗ

ನಡುಮನೆಯಲ್ಲಿ ಮಲಗಿಸಿದ್ದ ಅಣ್ಣನ ಕಾಲಬಳಿ ಕೂತಿದ್ದ ತಂಗಿ ಮತ್ತೆ ಎದ್ದು ಹಿಂದಿನ ಕೋಣೆಗೆ ಓಡಿದಳು. ಕುಲುಮೆಯೊಳಗೆ ಅಚ್ಚು ಕೆಂಪಗೆ ಕಾದಿತ್ತು. ಹಿಂದಿನ ಸಂಜೆ ಅಣ್ಣ ಯಾರಿಗೋ ಕಟ್ಟಬೇಕಿದ್ದ ಮೂರು ಹಲ್ಲುಗಳನ್ನು ಮೇಣದಲ್ಲಿ ತಿದ್ದಿ, ಅಚ್ಚಿನಲ್ಲಿ ಹುದುಗಿಸಿ, ಕುಲುಮೆಗಿಟ್ಟು ಮಲಗಿದವನು ಬೆಳಗ್ಗೆ ಏಳಲೇ ಇಲ್ಲ. ಮೇಣ ಉರಿದುಹೋಗಿ ಈಗ ಒಳಗಿದ್ದುದು ಅದರ ಟೊಳ್ಳು ಮಾತ್ರ. ಇನ್ನು ತಡವಾದರೆ ಅಚ್ಚು ಬಿರಿಯುತ್ತದೆ. ಸುರಿಯಲು ಲೋಹ ಎಷ್ಟು ಬೇಕು? ಮೇಣ ತೂಗಿದವನು ಅಣ್ಣ. ತೂಕ ಅವನ ತಲೆಯಲ್ಲೇ ಉಳಿದುಹೋಗಿತ್ತು.

“ಎಲ್ಲರೂ ಕಾಯ್ತಿದ್ದಾರೆ, ನಿನಗೇನಮ್ಮ ಇಲ್ಲಿ ಕೆಲಸ?” ದೊಡ್ಡಪ್ಪ ಬಾಗಿಲಲ್ಲಿ ನಿಂತು ಗದರಿದರು. “ಹಾಳಾದ್ರೆ ಇನ್ನೊಂದು ಮಾಡಿದ್ರಾಯ್ತು.”

“ಇನ್ನೊಂದು ನಾನೂ ಮಾಡ್ಬಹುದು ದೊಡ್ಡಪ್ಪ. ಇದು ಅಣ್ಣ ಮಾಡಿದ್ದು.”

ನಡುಮನೆಯಲ್ಲಿ ಯಾರೋ ಹೇಳುತ್ತಿದ್ದರು: “ಊರಿಗೆಲ್ಲ ಹಲ್ಲು ಕಟ್ಟಿದ, ತನ್ನ ಬಾಯಲ್ಲಿ ಮಾತ್ರ ಕಿಂಡಿ ಇಟ್ಕೊಂಡೇ ಹೋದ ಪುಣ್ಯಾತ್ಮ.”

“ಗಾಳಿ ಆಡ್ಲಿ ಬಿಡೇ ಅಂತಿದ್ರು,” ಎಂದ ಅತ್ತಿಗೆಗೆ ಅಳುವಿನ ನಡುವೆಯೇ ನಗು ಬಂತು.

* * *

ಕೆಲಸ ಕಲಿಯುವ ಹೊಸತರಲ್ಲಿ ಅವಳು ಕೈ ಬಿಗಿಹಿಡಿದು ಲೋಹ ಹಾಕಿದ್ದಳು. ಹಲ್ಲಿನ ಅಂಚು ಮೊಂಡಾಗಿ ಬಂದಿತ್ತು.

“ಹಲ್ಲಿಗೇ ಹಲ್ಲು ಬಿದ್ದಿದೆಯಲ್ಲೇ!” ಅಣ್ಣ ನಕ್ಕಿದ್ದ. “ಮೇಣದ ತೂಕದ ಎಂಟೂವರೆ ಪಟ್ಟು ಲೋಹ, ಅದು ಹಲ್ಲಿಗೆ. ಅದರ ಮೇಲೆ ಒಂದು ಅಂಗಿ ಗುಂಡಿಯಷ್ಟು ಹೆಚ್ಚಿಗೆ ಇರ್ಲಿ. ಆರುವಾಗ ಹಲ್ಲು ಕುಗ್ಗುತ್ತೆ, ಬೇಕಾದ್ದನ್ನ ಅಲ್ಲಿಂದ ಎಳ್ಕೊಳ್ಳುತ್ತೆ. ನೆಂಟರು ಬರೋ ದಿನ ಒಂದು ಹಿಡಿ ಜಾಸ್ತಿ ಬೇಯಿಸಲ್ವಾ, ಹಾಗೆ.”

* * *

ಹಲ್ಲು ಕೂರಬೇಕಾಗಿದ್ದ ಪ್ಲಾಸ್ಟರ್ ದವಡೆ ಮೇಜಿನ ಮೇಲಿತ್ತು. ಅವಳು ಹೊಸ ಮೇಣ ಮೆದುಮಾಡಿ ಆ ಜಾಗಕ್ಕೆ ಮೆತ್ತಿದಳು, ಲೋಹ ಹರಿಯುವ ದಾರಿಗೆಂದು ಇಡುವ ಮೇಣದ ಕಡ್ಡಿಯನ್ನೂ ಸೇರಿಸಿದಳು. ಚೆಂದ ಬೇಕಿರಲಿಲ್ಲ, ತೂಕ ಸಿಕ್ಕರೆ ಸಾಕಿತ್ತು. ಆದರೆ ಅಣ್ಣನ ಕೈಕೆಲಸ ತನ್ನದಕ್ಕಿಂತ ತೆಳು. ಒಂದಿಷ್ಟು ಹೆರೆದಳು. ಹೆಚ್ಚು ಹೆರೆದೆನೇನೋ ಎನಿಸಿ ಮತ್ತೆ ಮೆತ್ತಿದಳು. ತಕ್ಕಡಿಯ ಅಂಕಿ ನಿಲ್ಲಲಿಲ್ಲ. ಉಸಿರು ಬಿಗಿಹಿಡಿದ ಮೇಲೆ ನಿಂತಿತು.

“ಹೊತ್ತಾಯ್ತು!” ಹೊರಗಿನಿಂದ ಕೂಗು.

ದೊಡ್ಡಪ್ಪ ಅವಳ ಕೈಯನ್ನೇ ನೋಡುತ್ತಿದ್ದವರು ತಿರುಗಿ, “ತಾಳ್ರಪ್ಪ, ಹೋಗೋನಿಗೇ ಇಲ್ಲದ ಆತುರ ನಿಮಗ್ಯಾಕೆ?” ಎಂದರು.

ಕರಗಿಸುವ ಮೂಸೆಗೆ ಲೆಕ್ಕದಷ್ಟು ಲೋಹ ಹಾಕಿದಳು. ಅಣ್ಣ ಹೇಳಿದ್ದ ಗುಂಡಿಗೆಂದು ಒಂದು ತುಂಡು. ಸಾಲದೇನೋ ಎನಿಸಿ, ಬಾಗಿಲವರೆಗೆ ಹೋದವಳು ಮರಳಿ ಬಂದು ಇನ್ನೊಂದು ತುಂಡು. ಕರಗಿದ ಲೋಹ ಬುಸ್ಸೆಂದು ಅಚ್ಚಿಗೆ ನುಗ್ಗಿತು. ಆರಲು ಬಿಟ್ಟು ಅಣ್ಣನ ಹಿಂದೆ ಹೊರಟಳು. ದಾರಿಯುದ್ದಕ್ಕೂ ಬೆರಳುಗಳು ಸೆರಗಿನ ಅಂಚನ್ನು ತಿರುಚುತ್ತಲೇ ಇದ್ದವು.

ಮರಳಿ ಬಂದವಳೇ ಅಚ್ಚು ಒಡೆದಳು. ಮೂರು ಹಲ್ಲು, ಅಂಚು ಎಲ್ಲೂ ಮುಕ್ಕಾಗಿರಲಿಲ್ಲ. ಕಡ್ಡಿಯ ಬುಡದಲ್ಲಿ, ಬಿಸಿ ಮೇಣವನ್ನು ಒತ್ತಿ ನಿಲ್ಲಿಸಿದ್ದ ಅಣ್ಣನ ಹೆಬ್ಬೆರಳಿನ ಗೆರೆಗಳು ಒಂದೂ ಬಿಡದೆ ಲೋಹದಲ್ಲಿ ಮೂಡಿದ್ದವು.

“ಈ ಕಡ್ಡಿ ಏನ್ಮಾಡ್ತೀರಿ?” ದೊಡ್ಡಪ್ಪ ಕೇಳಿದರು.

“ಕತ್ತರಿಸಿ, ಮುಂದಿನ ಹಲ್ಲಿಗೆ ಕರಗಿಸ್ತೀವಿ.”

ಸ್ವಿಚ್ ಒತ್ತಿದಳು. ಕತ್ತರಿಸುವ ಚಕ್ರ ಗಿರ್ರೆಂದು ತಿರುಗಿತು. ಕಡ್ಡಿಯನ್ನು ಹತ್ತಿರ ಒಯ್ದಳು, ಹಿಂದಕ್ಕೆಳೆದಳು, ಮತ್ತೆ ಒಯ್ದಳು. ಚಕ್ರ ಬರಿಗಾಳಿಯಲ್ಲಿ ತಿರುಗುತ್ತಲೇ ಇತ್ತು.