ತುಕ್ಕು ಬಿಡಿಸಿದ ಪಿಸ್ತೂಲು

ಇಷ್ಟು ವರ್ಷ ಅಟ್ಟದ ಮೇಲೆ ಬಿದ್ದಿದ್ದ ವಸ್ತು ಈಗಲೇ ಯಾಕೆ ಬೇಕಾಯಿತು? ಹಂದಿಗೋ? ಹಂದಿ ಹೊಡೆಯಲು ಪಿಸ್ತೂಲು ಹಿಡಿದು ಹೋಗುವಂಥ ದಡ್ಡ ಮಳವಳ್ಳಿ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಕಳ್ಳರಿಗೋ? ಅಂಕಯ್ಯನ ಮನೆಯಲ್ಲಿ ಕದಿಯಲು ರಾಗಿಯ ಮಡಕೆ ಬಿಟ್ಟರೆ ಇನ್ನೇನಿದೆ? ಹಾಗಾದರೆ ಯಾರಿಗೆ? ಬಾಬು ಜಾನ್ ಆ ಪ್ರಶ್ನೆಯನ್ನು ಅಲ್ಲಿಂದ ಮುಂದಕ್ಕೆ ಬಿಡಲಾರದೆ, ತೊಡೆಯ ಮೇಲಿನ ಗೋಣಿತಾಟಿನಲ್ಲಿ ಮಲಗಿದ್ದ ಪಿಸ್ತೂಲನ್ನು ಮಗ್ಗುಲು ಬದಲಿಸಿದ.

ನಳಿಗೆಯ ಎಡಮಗ್ಗುಲಿಗೆ ತುಕ್ಕು ತೆಳ್ಳಗೆ ಹಬ್ಬಿತ್ತು. ಮೇಲುಮೇಲಿನ ತುಕ್ಕು, ಆಳಕ್ಕೆ ಇಳಿದಿರಲಿಲ್ಲ. ಅದರ ನಡುನಡುವೆ ಮೊದಲಿನ ಬಣ್ಣ ಇಣುಕುತ್ತಿತ್ತು: ನೇರಳೆ ಹಣ್ಣಿನ ಸಿಪ್ಪೆಯ ಹಾಗೆ ಕಪ್ಪೂ ಅಲ್ಲದ ನೀಲಿಯೂ ಅಲ್ಲದ ಹೊಳಪು. ಅದನ್ನು ಉಳಿಸಿಕೊಂಡು ತುಕ್ಕನ್ನಷ್ಟೇ ಬಿಡಿಸಬೇಕು. ಕೆಲಸ ಕಷ್ಟದ್ದಲ್ಲ, ತಾಳ್ಮೆಯದು. ಮುಸಲ್ಮಾನರ ಮನೆಗಳೇ ಹೆಚ್ಚಿದ್ದ ಪೇಟೆ ಬೀದಿಯ ಈ ಅಂಗಡಿಯಲ್ಲಿ ಬೀಗ, ಹೊಲಿಗೆ ಮಿಷನ್ನು, ಗ್ಯಾಸ್‌ಲೈಟು ಎಲ್ಲವೂ ರಿಪೇರಿಗೆ ಬರುತ್ತಿದ್ದವು. ಆದರೆ ಬಂದೂಕು ಬಂದಾಗ ಮಾತ್ರ ಬಾಬು ಜಾನನಿಗೆ ಅಪ್ಪನ ನೆನಪಾಗುತ್ತಿತ್ತು. 'ಕೆಟ್ಟ ಬೀಗ ಅಂಗಡಿಯಿಂದ ಹೋದರೂ ಹೋಗಲಿ, ಕೆಟ್ಟ ಬಂದೂಕು ಹೋಗಬಾರದು. ಅದನ್ನು ನಂಬಿಕೊಂಡು ಒಬ್ಬ ಮನುಷ್ಯ ನಿಂತಿರುತ್ತಾನೆ' ಎನ್ನುತ್ತಿದ್ದ ಅಪ್ಪ.

ಹಿಂದಿನ ದಿನ ಸಂತೆ ಕರಗುವ ಹೊತ್ತಿಗೆ ಅಂಕಯ್ಯ ಬಂದಿದ್ದ. ಹೆಗಲ ಮೇಲಿನ ಟವಲಿನಲ್ಲಿ ಸುತ್ತಿದ್ದ ಚರ್ಮದ ಚೀಲವನ್ನು ಮಣೆಯ ಮೇಲೆ ಕುಕ್ಕಿ, "ತಗಳ್ಲಾ ಸಾಬಿ, ಇದ್ರ ತುಕ್ಕ ಒಸಿ ಬುಡ್ಸು" ಎಂದಿದ್ದ.

ಇಬ್ಬರೂ ಒಂದೇ ಕೆರೆಯಲ್ಲಿ ಈಜು ಕಲಿತವರು. ಸಾಬಿ ಅನ್ನುವುದು ಅವನ ಬಾಯಲ್ಲಿ ಬೈಗುಳವೂ ಆಗಿರಲಿಲ್ಲ, ಮರ್ಯಾದೆಯೂ ಆಗಿರಲಿಲ್ಲ.

"ಯಾವ್ ಬಾವೀಲಿ ಹಾಕಿದ್ಲಾ ಇದ್ನ?" ಎಂದ ಬಾಬು ಜಾನ್, ಒಳಗೆ ಗುಂಡಿಲ್ಲವೆಂದು ನೋಡಿಕೊಳ್ಳುತ್ತಾ.

"ಬಾವೀಲಲ್ಲ ಕಣ್ಲಾ, ಅಟ್ಟದ್ಮೇಲೆ. ದೊರೆ ಕೊಟ್ಟ ಚೀಲ್ದಲ್ಲೇ ಭದ್ರವಾಗಿ ಮಡಗಿದ್ದೆ."

"ಅಲ್ಲೇ ಕೆಟ್ಟೆ. ಚರ್ಮ ತಂಡಿ ಕುಡೀತದೆ. ಕುಡ್ದಿದ್ನೆಲ್ಲ ಕಬ್ಬಿಣಕ್ಕೆ ಉಣ್ಣುಸ್ತದೆ. ಇದೇನ್ಲಾ, ಇಲ್ಲಿ ಬೆಳ್ಳಗಾಗ್ಯದೆ?"

ಅಂಕಯ್ಯ ತಲೆ ಕೆರೆದುಕೊಂಡ. "ನಮ್ ಚಲುವಮ್ಮ ಉಣ್ಸೆಹಣ್ಣು ಆಕಿ ತಿಕ್ಬುಟ್ಲು. ತಂಬ್ಗೆ ಬೆಳಗ್ದಂಗೆ ಬೆಳಗ್ತೀನಿ ಅಂದ್ಲು."

"ನಿನ್ ಎಂಡ್ರಿಗೆ ಯೋಳು, ಇದು ತಂಬ್ಗೆ ಅಲ್ಲ ಅಂತ. ಉಣ್ಸೆಹಣ್ಣು ತುಕ್ಕ ತಿನ್ನಾಕೆ ಮುಂಚೆ ಬಣ್ಣ ತಿಂತದೆ. ಇದೊಂದ್ ಕಡೆ ಇನ್ನು ಇಂಗೇಯ."

"ಅವ್ಳಿಗೆ ನೀನೇ ಯೋಳಪ್ಪ. ನಂಗೆ ಉಣ್ಣಾಕಿಕ್ಕೋಳು ಅವ್ಳು."

ಇಬ್ಬರೂ ನಕ್ಕಿದ್ದರು. ನಗು ಮುಗಿಯುವ ಮುಂಚೆ ಬಾಬು ಜಾನ್ ಸುಮ್ಮನೆ, ಕೇಳಬೇಕೆಂದು ಕೂಡ ಅಲ್ಲದೆ ಕೇಳಿದ್ದ: "ಈಗ್ಯಾಕ್ಲಾ ಬೇಕಾಯ್ತು ಇದು?"

ಅಂಕಯ್ಯ ಬೀದಿಯ ಕಡೆ ಮುಖ ತಿರುಗಿಸಿದ. "ಬೇಕಾಗ್ಯದೆ. ನಿಂಗ್ಯಾಕ್ಲಾ ಅದು? ಬಾವುಟದ ದಿನದೊಳಗೆ ಮಾಡ್ಕೊಡು, ಅಷ್ಟೆ." ಇಳಿದು ಹೋಗಿದ್ದ.

ಬಾವುಟದ ದಿನ. ಆ ಮಾತು ಬಾಬು ಜಾನನ ಕಿವಿಗೆ ಅದೇ ಮೊದಲ ಸಲ ಬಿದ್ದದ್ದಲ್ಲ. ಬ್ರಿಟಿಷರು ಹೊರಡುತ್ತಾರೆ, ಊರೂರಿನಲ್ಲಿ ಬಾವುಟ ಹಾರುತ್ತದೆ ಎಂದು ಎಲ್ಲರೂ ಸಡಗರದಲ್ಲಿದ್ದರು. ಮದ್ದೂರಿನಲ್ಲಿ ರೈಲಿಳಿದು ಬಸ್ಸು ಹತ್ತಿ ಬರುವ ಪತ್ರಿಕೆಗಳಲ್ಲಿ ಉತ್ತರದ ಕಡೆಯ ಹಿಂದೂ ಮುಸಲ್ಮಾನರ ಗಲಭೆಯ ಸುದ್ದಿ ಇರುತ್ತಿತ್ತು. ಬೀಡಿ ಅಂಗಡಿಯ ಕರಿಯಪ್ಪ ಅದನ್ನು ಗಟ್ಟಿಯಾಗಿ ಓದುವಾಗ, ಬಾಬು ಜಾನ್ ದಾಟಿ ಹೋಗುವವರೆಗೆ ದನಿ ತಗ್ಗಿಸುತ್ತಿದ್ದ. ಮೊನ್ನೆ ಅವನೇ ಕರೆದು ಹೇಳಿದ್ದ: "ಬಾವುಟದ ದಿನ ಒಸಿ ಉಷಾರಾಗಿರಿ ಬಾಬಣ್ಣ. ಕೆಂಪಸಿದ್ದಯ್ಯನ ಕಣದಾಗೆ ಐಕ್ಳು ಸೇರಿದ್ರಂತೆ. ಪೇಟೆ ಬೀದಿ ಮಾತು ಬಂತಂತೆ. ಅಂಕಯ್ಯನೂ ಇದ್ನಂತಲ್ಲ!"

ಬಾಬು ಜಾನ್ ಇದನ್ನು ಹೆಂಡತಿಗೆ ಹೇಳಿರಲಿಲ್ಲ. ಸುಲ್ತಾನ್ ಬೀಗೆ ಅದು ಬೇರೆ ಯಾರಿಂದಲೋ ಗೊತ್ತಾಗಿತ್ತು. ಮೈಸೂರಿನಲ್ಲಿ ತನ್ನ ಅಣ್ಣನ ಮನೆಗೆ ಹೋಗೋಣವೆಂದು ಅವಳು ಒಂದೇ ಸಲ ಕೇಳಿದಳು. ಆಮೇಲೆ ಗೋಡೆಗೊರಗಿ ಕೂತಿದ್ದ ಮಗಳು ಆಮಿನಾಳನ್ನು ನೋಡಿ ತಾನೇ ಸುಮ್ಮನಾದಳು. ಆಮಿನಾ ತುಂಬು ಬಸುರಿ, ಚೊಚ್ಚಲು. ಮದ್ದೂರಿನವರೆಗಿನ ಆ ರಸ್ತೆಯಲ್ಲಿ, ಆ ಬಸ್ಸಿನಲ್ಲಿ ಅವಳನ್ನು ಕೂರಿಸಿಕೊಂಡು ಹೋಗುವ ಹಾಗಿರಲಿಲ್ಲ.

ಪಿಸ್ತೂಲು ರಾತ್ರಿಯೆಲ್ಲ ಎಣ್ಣೆ ಕುಡಿದಿತ್ತು. ಸೀಮೆಎಣ್ಣೆಗೆ ಹೊಲಿಗೆ ಮಿಷನ್ನಿನ ಎಣ್ಣೆ ಬೆರೆಸಿ, ಚಿಂದಿಬಟ್ಟೆ ಅದ್ದಿ ಸುತ್ತಿಟ್ಟಿದ್ದ. ತುಕ್ಕನ್ನು ಕಿತ್ತರೆ ಅದರ ಜೊತೆಗೆ ಬಣ್ಣವೂ ಏಳುತ್ತದೆ. ಅದು ತಾನಾಗಿ ಹಿಡಿತ ಸಡಿಲಿಸಬೇಕು. ಮರಳುಕಾಗದ ಮುಟ್ಟಬಾರದು, ಇಟ್ಟಿಗೆಪುಡಿ ಮುಟ್ಟಬಾರದು. ಬಾಬು ಜಾನ್ ಡಬ್ಬಿಯಿಂದ ಅಪ್ಪನ ಆನೆ ಕಾಸನ್ನು ತೆಗೆದ. ಆನೆ ಎಂದೋ ಸವೆದು ಬೆನ್ನಿನ ಗೆರೆಯೊಂದು ಉಳಿದಿದ್ದ ಹಳೆಯ ತಾಮ್ರದ ಬಿಲ್ಲೆ. ತಾಮ್ರ ತುಕ್ಕಿಗಿಂತ ಗಟ್ಟಿ, ಉಕ್ಕಿಗಿಂತ ಮೆತ್ತಗೆ. ಎಣ್ಣೆಯ ಮೇಲೆ ಕಾಸನ್ನು ಓರೆಯಾಗಿ ಮಲಗಿಸಿ ಮೆಲ್ಲಗೆ ತಳ್ಳಿದಾಗ ತುಕ್ಕು ಕೆಂಪು ರಾಡಿಯಾಗಿ ಮೇಲೆದ್ದಿತು. ಒರೆಸಿದ. ಮತ್ತೆ ಎಣ್ಣೆ, ಮತ್ತೆ ಕಾಸು. ಸಂದಿಗೊಂದಿಗಳಿಗೆ ಕೋಳಿಗರಿಯಿಂದ ಎಣ್ಣೆ ಬಿಟ್ಟ. ರಂಜಾನಿನ ಉಪವಾಸ, ಬಾಯಿ ಒಣಗಿತ್ತು. ಹೊರಗೆ ಜಿನುಗುಮಳೆ ಹಿಡಿದಿತ್ತು. ಮಧ್ಯಾಹ್ನ ಇಳಿಯುವ ಹೊತ್ತಿಗೆ ನೇರಳೆ ಬಣ್ಣ ನಳಿಗೆಯ ಉದ್ದಕ್ಕೂ ಮರಳಿ ಬಂತು. ಚಲುವಮ್ಮನ ಹುಣಸೆಹಣ್ಣಿನ ಬಿಳಿ ಕಲೆಯೊಂದು ಮಾತ್ರ ಹಾಗೇ ಉಳಿಯಿತು.

ಎಷ್ಟು ಚೆಂದವಾಯಿತು ಎಂದುಕೊಂಡ. ಅದರ ಹಿಂದೆಯೇ, ಯಾರಿಗಾಗಿ ಚೆಂದ ಮಾಡಿದೆ ಎಂಬ ಮಾತು ಬಂತು.

ಗೋಡೆಯಾಚೆ ಆಮಿನಾ ಮಗ್ಗುಲು ಬದಲಿಸಿ ನರಳಿದಳು. "ಯಾ ಅಲ್ಲಾ" ಎಂದಳು ಸುಲ್ತಾನ್ ಬೀ, ಮಗಳ ಬೆನ್ನು ಸವರುತ್ತಿದ್ದಿರಬೇಕು.

ಬಾಬು ಜಾನ್ ಪಿಸ್ತೂಲಿನ ಕುದುರೆಯನ್ನು ಹಿಂದಕ್ಕೆ ಎಳೆದು ಹಿಡಿದ. ಬಿಟ್ಟರೆ ಮುಂದೆ ಬಂದು ಗುಂಡಿನ ಬೆನ್ನಿಗೆ ಬಡಿಯುವ ತುಂಡು ಅದು. ಬಡಿಯುವ ಕಡೆ ಜೋಳದ ಕಾಳಿನಷ್ಟು ಮೊನೆ. ಆ ಮೊನೆ ತಾಗಿದರೆ ಗುಂಡು ಹಾರುತ್ತದೆ, ತಾಗದಿದ್ದರೆ ಪಿಸ್ತೂಲು ಸೌದೆಗಿಂತ ಕಡೆ. ಅವನು ಬಾಗಿಲು ಮುಂದೆ ಮಾಡಿದ. ಸಣ್ಣ ಅರವನ್ನು ಕೈಗೆ ತೆಗೆದುಕೊಂಡ. ಆ ಮೊನೆಯನ್ನು ಅರೆದ. ಉಕ್ಕಿನ ಪುಡಿ ತಾಟಿನ ಮೇಲೆ ಉದುರಿತು. ಮೊನೆ ಮೊಂಡಾದ ಮೇಲೆ, ಹೊಸ ಗಾಯ ಬೆಳ್ಳಗೆ ಕಾಣದಿರಲೆಂದು ದೀಪದ ಮಸಿಯನ್ನು ಎಣ್ಣೆಯಲ್ಲಿ ಕಲಸಿ ಹಚ್ಚಿದ. ಅಷ್ಟು ವರ್ಷಗಳ ಕಸುಬಿನಲ್ಲಿ ಅವನ ಕೈ ಅಂಥ ಕೆಲಸ ಮಾಡಿರಲಿಲ್ಲ. ಆದರೂ ಕೆಲಸ ಅಚ್ಚುಕಟ್ಟಾಗಿ ಬಂತು, ಅದೇ ಅವನಿಗೆ ಹೇಸಿಗೆಯಾಯಿತು.

ಮಾರನೆಯ ದಿನ ಅಂಕಯ್ಯ ಬಂದು ಪಿಸ್ತೂಲನ್ನು ಬೆಳಕಿಗೆ ಹಿಡಿದ. ಕುದುರೆ ಎಳೆದು ಬಿಟ್ಟ. ಟಕ್ಕೆಂದಿತು.

"ಅದೇ ಸದ್ದು ಕಣ್ಲಾ! ಬ್ಲಫ್ಫಲ್ಲಿ ದೊರೆ ಕೈಗಿಕ್ಕಿದಾಗ ಇಂಗೇ ಇತ್ತು!" ಶಿವನಸಮುದ್ರದ ಕರೆಂಟಿನ ಕಾರ್ಖಾನೆಗೆ ಜನ ಬ್ಲಫ್ಫು ಅನ್ನುತ್ತಿದ್ದರು. ಅಂಕಯ್ಯ ಹರೆಯದಲ್ಲಿ ಅಲ್ಲಿ ಉಗ್ರಾಣದ ಕಾವಲಿಗಿದ್ದ. ಇಂಗ್ಲೆಂಡಿಗೆ ಮರಳುವಾಗ ಅಲ್ಲಿನ ಬಿಳಿ ದೊರೆಯೊಬ್ಬ ಪಿಸ್ತೂಲನ್ನೂ ಲೈಸೆನ್ಸನ್ನೂ ಇವನ ಹೆಸರಿಗೆ ಮಾಡಿಸಿ ಕೊಟ್ಟು ಹೋಗಿದ್ದ. ಅಂಕಯ್ಯ ಅದರಿಂದ ಒಂದು ಕಾಗೆಯನ್ನೂ ಹೊಡೆದವನಲ್ಲ.

"ಚರ್ಮದ ಚೀಲಕ್ಕೆ ಆಕ್ಬ್ಯಾಡ, ಎಣ್ಣೆ ಬಟ್ಟೇಲಿ ಸುತ್ತಿಡು" ಎಂದ ಬಾಬು ಜಾನ್, ಅವನ ಮುಖ ನೋಡದೆ. "ಸುಮ್ಸುಮ್ನೆ ಬರಿಗೈಲಿ ಮುಟ್ಬ್ಯಾಡ. ಬೆವರಲ್ಲಿ ಉಪ್ಪಿರ್ತದೆ."

"ಆಯ್ತು ಪಂಡಿತ್ರೇ." ಅಂಕಯ್ಯ ಟವಲಿನಿಂದ ಎರಡು ಅಚ್ಚು ಬೆಲ್ಲ ತೆಗೆದು ಮಣೆಯ ಮೇಲಿಟ್ಟ. "ಮಗಿಗೆ ಎರಿಗೆ ಆದ್ಮೇಲೆ ಬೇಕಾಯ್ತದೆ. ಬೂಬಮ್ಮನ ಕೈಗೆ ಕೊಡು." ಸುಲ್ತಾನ್ ಬೀಯನ್ನು ಅವನು ಬೂಬಮ್ಮ ಅನ್ನುತ್ತಿದ್ದ.

ಅವನು ಹೋದ ಮೇಲೆ ಬಾಬು ಜಾನ್ ಬೆಲ್ಲವನ್ನು ನೋಡುತ್ತ ಕೂತಿದ್ದ. ಇರುವೆ ಹತ್ತುವವರೆಗೂ ಅದನ್ನು ಒಳಗೆ ತೆಗೆದುಕೊಂಡು ಹೋಗಲಿಲ್ಲ.

ಬಾವುಟದ ಹಿಂದಿನ ಸಂಜೆ, ಉಪವಾಸ ಬಿಡಲು ಮನೆಯವರು ಖರ್ಜೂರ ಮುಂದಿಟ್ಟುಕೊಂಡು ಕಾಯುತ್ತಿದ್ದಾಗ, ಜಗಲಿಯ ಮೇಲೆ ಯಾರೋ ಕಂಬಳಿ ಕೊಡವಿದ ಸದ್ದಾಯಿತು. ಬಾಬು ಜಾನ್ ಬಾಗಿಲ ಸಂದಿಯಿಂದ ನೋಡಿದ. ಅಂಕಯ್ಯ ಕಂಬಕ್ಕೊರಗಿ ಕಾಲು ಚಾಚಿಕೊಳ್ಳುತ್ತಿದ್ದ.

"ಏನ್ಲಾ ಇದು?"

"ಏನಿಲ್ಲ. ನಾಳೆ ಕಳೆಯೋಗಂಟ ಇಲ್ಲೇ ಬಿದ್ದಿರ್ತೀನಿ. ಬೂಬಮ್ಮಾ, ಒಂದ್ ಚೊಂಬು ನೀರು ಕಳ್ಸವ್ವಾ!" ಆಮೇಲೆ ಸೊಂಟವನ್ನು ತಟ್ಟಿ ತೋರಿಸಿದ. "ಕೆಂಪಸಿದ್ದಯ್ಯನ ಕಣದಲ್ಲಿ ಐಕ್ಳು ಬಾಯಿಗೆ ಬಂದಂಗೆ ಮಾತಾಡುದ್ವು. ಆ ಬೀದಿಗೆ ಯಾವನಾರ ಕಾಲಿಕ್ಕುದ್ರೆ ನನ್ ಪಿಸ್ತೂಲು ಮಾತಾಡ್ತದೆ ಅಂದ್ಬುಟ್ಟೆ. ಅಂದಿದ್ದು ಅಂದ್ಬುಟ್ಟೆ, ಮನೇಗೋಗಿ ನೋಡುದ್ರೆ ತುಕ್ಕು ಇಡ್ಕಂಡು ಕುಂತದೆ ಬಡ್ಡೀಮಗಂದು!"

ಬಾಬು ಜಾನ್ ಬಾಗಿಲನ್ನು ಪೂರ್ತಿ ತೆರೆದ. "ಅವತ್ತೇ ಯಾಕ್ಲಾ ಯೋಳ್ನಿಲ್ಲ?"

ಅಂಕಯ್ಯನ ದನಿ ಇಳಿಯಿತು. "ಏನಂತ ಯೋಳ್ಲಿ? ನಮ್ ಐಕ್ಳು ನಿನ್ ಮನೆ ಮ್ಯಾಕೆ ಬತ್ತಾವಂತೆ ಅನ್ಲಾ? ಅನ್ನಕ್ಕೆ ಬಾಯಿ ಬರ್ಬೇಕಲ್ಲ."

ಮಸೀದಿಯ ಕಡೆಯಿಂದ ಬಾಂಗು ಕೇಳಿತು. ಬಾಬು ಜಾನ್ ಒಳಗೆ ಹೋಗಲಿಲ್ಲ. "ಕೊಡಿಲ್ಲಿ, ಇನ್ನೊಂದ್ ಕಿತ ಎಣ್ಣೆ ಬುಡ್ತೀನಿ" ಎಂದು ಕೈ ಚಾಚಿದ.

"ಮುಟ್ಬ್ಯಾಡ ಅಂದೋನೂ ನೀನೇ, ಕೊಡು ಅನ್ನೋನೂ ನೀನೇ. ಓಗ್ಲಾ, ಮೊದ್ಲು ಏನಾರ ಬಾಯಿಗಾಕ್ಕೋ."

ಚಾಚಿದ ಕೈ ಹಿಂದಕ್ಕೆ ಬಂತು. ಕೊಟ್ಟಿದ್ದರೂ ಏನು ಮಾಡಬಹುದಿತ್ತು? ಅರೆದ ಉಕ್ಕು ಉಗುರಲ್ಲ, ಮತ್ತೆ ಬೆಳೆಯಲು. ಹೊಸ ಕುದುರೆ ಬಡಿದು ಕೂರಿಸಬೇಕು. ಅದು ಒಂದು ಸಂಜೆಯ ಕೆಲಸವಲ್ಲ. ಈಗ ಉಳಿದದ್ದು ಬಾಯಿ ಬಿಟ್ಟು ಹೇಳುವುದೊಂದೇ. ಅವನು ಒಳಗೆ ಹೋಗಿ ಖರ್ಜೂರ ಬಾಯಿಗಿಟ್ಟುಕೊಂಡ.

ಮರುದಿನ ಊರೆಲ್ಲ ತೋರಣ. ಶಾಲೆಯ ಕಡೆ ಮಕ್ಕಳ ಹಾಡು, ತಮಟೆ, ಜಯಕಾರ. ಪೇಟೆ ಬೀದಿಯಲ್ಲೂ ಜನ ಬಾವುಟ ಕಟ್ಟಿದ್ದರು. ಬಾಬು ಜಾನನ ಅಂಗಡಿಯ ಮೇಲೂ ಒಂದಿತ್ತು, ಮಳೆಗೆ ತೊಯ್ದು ಜೋತುಬಿದ್ದಿತ್ತು. ಅಂಕಯ್ಯ ಬಾವುಟ ನೋಡಲು ಹೋಗದೆ ಜಗಲಿಯಲ್ಲೇ ಕೂತಿದ್ದ. ಹೊತ್ತು ಮುಳುಗುವ ಸಮಯಕ್ಕೆ ಬೀದಿಯ ತುದಿಯಲ್ಲಿ ಗುಂಪೊಂದು ತಿರುಗಿತು. ತಮಟೆ ನಿಂತಿತ್ತು. ಕೆಲವರ ಕೈಯಲ್ಲಿ ದೊಣ್ಣೆಗಳಿದ್ದವು. ಮುಂದೆ ಕೆಂಪಸಿದ್ದಯ್ಯನ ಮಗ ಚಲುವರಾಜು.

ಅವರು ಜಗಲಿಯ ಮುಂದೆ ಬಂದು ನಿಂತರು.

"ಏನ್ ಅಂಕಣ್ಣ, ಇಲ್ಲಿದ್ದೀಯಾ?"

"ಕಾಣಕ್ಕಿಲ್ವಾ? ಕುಂತಿವ್ನಿ."

"ಬಾವುಟಕ್ಕೆ ಬರ್ನಿಲ್ಲ?"

"ಸೊಂಟ ಇಡ್ಕಂಡದೆ." ಅಂಕಯ್ಯನ ಬಲಗೈ ಕಂಬಳಿಯೊಳಗಿತ್ತು. ಅವನು ಎದ್ದು ನಿಂತ. ಎದ್ದ ಠೀವಿಯಲ್ಲಿ ಒಂದಿಷ್ಟೂ ಅನುಮಾನವಿರಲಿಲ್ಲ.

ಬಾಗಿಲ ಹಿಂದೆ ನಿಂತಿದ್ದ ಬಾಬು ಜಾನನಿಗೆ ಆ ಕಂಬಳಿಯೊಳಗಿನ ಕೈ ಕಂಡಿತು, ಕೈಯೊಳಗಿನ ನೇರಳೆ ಬಣ್ಣದ ಉಕ್ಕು ಕಂಡಿತು, ಅದರ ಮೊಂಡು ಮೊನೆ ಕಂಡಿತು. ಅದನ್ನು ನಂಬಿಕೊಂಡು ಒಬ್ಬ ಮನುಷ್ಯ ನಿಂತಿದ್ದ. ಬಾಬು ಜಾನ್ ಅಗುಳಿ ತೆಗೆದ. "ಹೋಗಬೇಡಿ" ಎಂದು ಸುಲ್ತಾನ್ ಬೀ ಅಂಗಿ ಹಿಡಿದಳು. ಬಿಡಿಸಿಕೊಂಡು ಹೊರಗೆ ಬಂದು, ಜಗಲಿಯ ಮೆಟ್ಟಿಲಿಳಿದು, ಅಂಕಯ್ಯನಿಗೂ ಗುಂಪಿಗೂ ನಡುವೆ ನಿಂತ.

"ಒಳಕ್ಕೋಗ್ಲಾ" ಎಂದ ಅಂಕಯ್ಯ ಹಿಂದಿನಿಂದ.

"ಓಗಕ್ಕಿಲ್ಲ."

"ಲೇ, ನಾನಿವ್ನಿ ಕಣ್ಲಾ, ಓಗ್ಲಾ ಒಳಕ್ಕೆ."

ಬಾಬು ಜಾನ್ ಕದಲಲಿಲ್ಲ. ಎಣ್ಣೆಯ ಕಪ್ಪು ಅಂಟಿದ ಅವನ ಎರಡು ಕೈಗಳೂ ಖಾಲಿಯಾಗಿ ಜೋತಿದ್ದವು. ಗುಂಪಿನಲ್ಲಿ ಯಾರೋ ಕಿಸಕ್ಕೆಂದರು. ಚಲುವರಾಜು ಖಾಲಿ ಕೈಯ ಮುದುಕನನ್ನೂ ಕಂಬಳಿ ಹೊದ್ದ ಮುದುಕನನ್ನೂ ಬಹಳ ಹೊತ್ತು ನೋಡಿದ. ಮಳೆ ತುಸು ಜೋರಾಯಿತು. ಅವನು ಬಾಯಲ್ಲಿದ್ದ ಎಲೆಅಡಿಕೆಯನ್ನು ಚರಂಡಿಗೆ ಉಗಿದು, "ನಡೀರ್ಲಾ" ಎಂದ. ದೊಣ್ಣೆಯವರು ಒಬ್ಬೊಬ್ಬರಾಗಿ ತಿರುಗಿದರು. ಬೀದಿಯ ಆ ತುದಿಗೆ ಹೋದ ಮೇಲೆ ಮತ್ತೆ ತಮಟೆ ಶುರುವಾಯಿತು.

ಅಂಕಯ್ಯ ಕಂಬಕ್ಕೆ ಒರಗಿ ಕುಸಿದು ಕೂತ. ಉಸಿರು ಹದಕ್ಕೆ ಬಂದ ಮೇಲೆ ನಕ್ಕ. "ಅಲ್ಲ ಕಣ್ಲಾ ಸಾಬಿ, ಪಿಸ್ತೂಲು ಮಡಿಕ್ಕಂಡೋನು ನಾನು ಹಿಂದಿವ್ನಿ, ಬರಿಗೈಯೋನು ನೀನು ಬಂದು ಮುಂದೆ ನಿಂತ್ಕಂಡ್ಯಲ್ಲಾ! ಯಾವಾಗ್ ಬಂತ್ಲಾ ನಿಂಗೆ ಈ ಎದೆಗಾರಿಕೆ?"

ಬಾಬು ಜಾನ್ ಅವನಿಗೆ ನೀರು ತರಲು ಒಳಗೆ ಹೋದ.

ರಂಜಾನ್ ಹಬ್ಬದ ಹಿಂದೆಯೇ ಆಮಿನಾಳಿಗೆ ಗಂಡುಮಗುವಾಯಿತು. ಅಂಕಯ್ಯ ಮತ್ತೆ ಬೆಲ್ಲ ತಂದ. ಅಂದಿನ ಸಂಜೆಯ ಕಥೆಯನ್ನು ಅವನು ಬೀಡಿ ಅಂಗಡಿಯಲ್ಲಿ, ಸಂತೆಯಲ್ಲಿ, ಬಸ್ಸಿನಲ್ಲಿ ಹೇಳುತ್ತಿದ್ದ. ಕೊನೆಯ ಮಾತು ಯಾವಾಗಲೂ ಒಂದೇ: "ಪಿಸ್ತೂಲಿದ್ದೋನು ನಾನು, ಗಂಡ್ಸು ಅವ್ನು." ಬಾಬು ಜಾನ್ ಎದುರಿಗಿದ್ದರೆ ತಲೆ ತಗ್ಗಿಸುತ್ತಿದ್ದ. ಜನ ಅದನ್ನು ಸಂಕೋಚವೆಂದುಕೊಂಡರು.

ಪಿಸ್ತೂಲು ಎಣ್ಣೆ ಬಟ್ಟೆಯಲ್ಲಿ ಸುತ್ತಿಕೊಂಡು ಅಂಕಯ್ಯನ ಅಟ್ಟಕ್ಕೆ ಮರಳಿತು. ಬಾಬು ಜಾನ್ ಹೇಳಿದ ಹಾಗೇ ಅವನು ಅದನ್ನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಮತ್ತೆ ತುಕ್ಕು ಹಿಡಿಯಲಿಲ್ಲ, ಹಾಗಾಗಿ ಮತ್ತೆ ಅಂಗಡಿಗೆ ಬರಲೂ ಇಲ್ಲ. ಕುದುರೆಯ ಮೊನೆಯನ್ನು ತಾನು ಅರೆದಿದ್ದೆನೆಂದು ಬಾಬು ಜಾನ್ ಅಂಕಯ್ಯನಿಗೆ ಎಂದೂ ಹೇಳಲಿಲ್ಲ.