ಬಾಯಿಪಾಠದ ಕಣ್ಣು

ನಮ್ಮದು ಕನ್ನಡಕದ ಅಂಗಡಿ. ಅಂಗಡಿಗೂ ಮನೆಗೂ ಯಜಮಾನರು ಒಬ್ಬರೇ, ನನ್ನ ಗಂಡ. ತಮಗೆ ಗೊತ್ತಿಲ್ಲದ್ದು ಈ ಎರಡು ಜಾಗದಲ್ಲೂ ಏನೂ ಇಲ್ಲ ಎಂಬುದು ಅವರ ದೃಢವಾದ ಅಭಿಪ್ರಾಯ. ಊರಿನವರ ಕಣ್ಣಿಗೆಲ್ಲ ದಾರಿ ತೋರಿಸುವ ಈ ಮಹಾನುಭಾವರ ಎಡಗಣ್ಣು ಮಾತ್ರ ಎರಡು ಮೂರು ತಿಂಗಳಿಗೊಮ್ಮೆ ಕೆಂಡದ ಹಾಗೆ ಕೆಂಪಾಗುತ್ತಿತ್ತು. ಬೆಳಕು ಬಿದ್ದರೆ ನೋವು, ಸುಮ್ಮನೆ ಕೂತರೂ ನೀರು.

ಕೆಂಗಣ್ಣಿನವರ ಹತ್ತಿರ ಕನ್ನಡಕ ಕೊಳ್ಳುವವರು ಯಾರು? ಗಿರಾಕಿಗಳು ಬಾಗಿಲು ತಳ್ಳಿ ಬಂದು, ಇವರ ಮುಖ ನೋಡಿ, “ಆಮೇಲೆ ಬರ್ತೀವಿ” ಎಂದು ಹಿಂದಕ್ಕೇ ಹೋಗುತ್ತಿದ್ದರು. ಇವರು ಉಪಾಯ ಹೂಡಿ, ಶೋಕೇಸಿನಿಂದ ಒಂದು ಕಪ್ಪು ಕನ್ನಡಕ ತೆಗೆದು ಹಾಕಿಕೊಂಡು ಕೂತರು. ಬೆಲೆಯ ಚೀಟಿ ಕಿವಿಯ ಪಕ್ಕ ನೇತಾಡುತ್ತಿತ್ತು. ಒಬ್ಬಾಕೆ, “ಅದೇ ಚೆನ್ನಾಗಿದೆ, ಅದನ್ನೇ ಕೊಡಿ” ಎಂದಳು. ವ್ಯಾಪಾರದ ಉತ್ಸಾಹದಲ್ಲಿ ಇವರು ಮುಖದಿಂದಲೇ ತೆಗೆದು ಕೊಟ್ಟರು. ಆಕೆ ಕನ್ನಡಕವನ್ನೂ ನೋಡಿದಳು, ಕಣ್ಣನ್ನೂ ನೋಡಿದಳು, ಆಮೇಲೆ ನಮ್ಮ ಬೀದಿಯ ಕಡೆಗೇ ತಲೆ ಹಾಕಲಿಲ್ಲ.

ಕೊನೆಗೆ ನಾನೇ ಎಳೆದುಕೊಂಡು ಕಣ್ಣಿನ ಡಾಕ್ಟರಮ್ಮನ ಹತ್ತಿರ ಹೋದೆ.

“ಕಣ್ಣೊಳಗೇ ಉರಿಯೂತ ಇದು. ಹೋಗಿ ಹೋಗಿ ಮತ್ತೆ ಬರೋ ಜಾತಿ,” ಎಂದರು ಆಕೆ. “ಸ್ಟೀರಾಯ್ಡ್ ಹನಿ ಬರೆದಿದೀನಿ. ಕೆಂಪು ಹೋಯ್ತು ಅಂತ ತಟ್ಟನೆ ನಿಲ್ಲಿಸ್ಬೇಡಿ, ನಾನು ಹೇಳಿದ ಹಾಗೆ ನಿಧಾನಕ್ಕೆ ಇಳಿಸ್ಬೇಕು. ಹಾಗಂತ ನಿಮ್ಮಿಷ್ಟಕ್ಕೆ ಹಾಕ್ಕೊಂಡೂ ಕೂರ್ಬೇಡಿ. ಕಣ್ಣಿನ ಒತ್ತಡ ಏರತ್ತೆ, ಪೊರೆ ಬರತ್ತೆ. ತಪ್ಪದೆ ಬಂದು ತೋರಿಸ್ತಾ ಇರಿ.”

ಇವರು ತಲೆಯಾಡಿಸಿದರು. ಆ ತಲೆಯಾಟಕ್ಕೆ ಏನರ್ಥವೆಂದು ಮದುವೆಯಾದ ವರ್ಷವೇ ನನಗೆ ತಿಳಿದಿತ್ತು.

ಮನೆಗೆ ಬಂದರೆ ನನ್ನ ನಾದಿನಿ ಫೋನು ಹಿಡಿದು ಕಾದಿದ್ದಳು. ಆಕೆ ಓದಿದ್ದು ಸಂಗೀತ, ಹೇಳುವುದು ವೈದ್ಯ. “ಸ್ಟೀರಾಯ್ಡಾ! ಅಯ್ಯಯ್ಯೋ, ಬೇಡ ಅಣ್ಣ! ಮುಖ ಊದ್ಕೊಳ್ಳತ್ತೆ, ಮೂಳೆ ಕರಗತ್ತೆ, ಕಣ್ಣೇ ಹೋಗತ್ತೆ. ಇಲ್ಲಿ ಒಬ್ರು ಹಾಕಿದಾರೆ ನೋಡು, ಅವರ ಅತ್ತಿಗೆಗೆ ಹಾಗೇ ಆಯ್ತಂತೆ.”

“ಕಣ್ಣಿಗೆ ಬಿಟ್ಟ ಒಂದು ಹನಿಗೆ ಮಂಡಿ ಮೂಳೆ ಕರಗತ್ತಾ?” ಎಂದೆ.

“ಅತ್ತಿಗೇ, ನಿಮಗೆ ಇದೆಲ್ಲ ತಿಳಿಯಲ್ಲ.”

ಅಣ್ಣನಿಗೆ ತಿಳಿಯಿತು. ಹನಿ ಹಾಕಿದ ಎರಡೇ ದಿನಕ್ಕೆ ಕಣ್ಣು ಬೆಳ್ಳಗಾಯಿತು, ಮೂರನೆಯ ದಿನ ಸೀಸೆ ಕಪಾಟು ಸೇರಿತು. ಹತ್ತು ದಿನ ಕಳೆಯುವಷ್ಟರಲ್ಲಿ ಕಣ್ಣು ಮೊದಲಿಗಿಂತ ಕೆಂಪಾಗಿ ವಾಪಸು ಬಂತು. ಮತ್ತೆ ಹನಿ, ಮತ್ತೆ ಬಿಳಿ, ಮತ್ತೆ ಹೆದರಿಕೆ, ಮತ್ತೆ ಕಪಾಟು. ಹೀಗೆ ಸ್ಟೀರಾಯ್ಡಿಗೆ ಹೆದರಿ ಹೆದರಿಯೇ ಅವರು ಹೆದರದವರಿಗಿಂತ ಹೆಚ್ಚು ಸೀಸೆ ಖಾಲಿ ಮಾಡಿದರು.

ಆಮೇಲೆ ಇನ್ನೊಂದು ಅತಿ ಶುರುವಾಯಿತು. ಎರಡು ದಿನದಲ್ಲಿ ಕಣ್ಣು ಬೆಳ್ಳಗಾಗುವ ರುಚಿ ಹತ್ತಿತ್ತಲ್ಲ! ಕಣ್ಣು ಚೂರು ಚುರುಗುಟ್ಟಿದರೆ ಹನಿ, ದೊಡ್ಡ ಗಿರಾಕಿ ಬರುತ್ತಾರೆಂದರೆ ಹನಿ. ಪಕ್ಕದ ಔಷಧಿ ಅಂಗಡಿಯವನಿಗೆ ನಮ್ಮಲ್ಲಿ ಫ್ರೇಮು ಅಸಲು ಬೆಲೆಗೆ ಸಿಗುತ್ತಿತ್ತು, ಇವರಿಗೆ ಅವನಲ್ಲಿ ಹನಿ ಡಾಕ್ಟರ ಚೀಟಿಯಿಲ್ಲದೆ ಸಿಗುತ್ತಿತ್ತು. ತಂಗಿ ಬೈಯುತ್ತಾಳೆಂದು ಸೀಸೆಯನ್ನು ‘ಕಣ್ಣಿಗೆ ತಂಪು’ ಎಂದು ಬರೆದಿದ್ದ ಬೇರೊಂದು ಡಬ್ಬಿಯೊಳಗಿಟ್ಟು ಜೇಬಿನಲ್ಲಿ ಹಾಕಿಕೊಂಡು ತಿರುಗುತ್ತಿದ್ದರು. ನಾದಿನಿ ಅದನ್ನು ನೋಡಿ, “ನೋಡಿ ಅತ್ತಿಗೆ, ಸ್ಟೀರಾಯ್ಡ್ ನಿಲ್ಲಿಸಿದ ಮೇಲೆ ಅಣ್ಣನ ಕಣ್ಣು ಎಷ್ಟು ಬೆಳ್ಳಗಿದೆ!” ಎಂದು ಎಲ್ಲರಿಗೂ ಫೋಟೊ ಕಳಿಸಿದಳು.

ಡಾಕ್ಟರಮ್ಮನ ಹತ್ತಿರ ಹೋಗೋಣವೆಂದರೆ ಇವರು ಕಿವಿಗೇ ಹಾಕಿಕೊಳ್ಳುತ್ತಿರಲಿಲ್ಲ. “ನನಗೇನಾಗಿದೆ? ಬಾ ಇಲ್ಲಿ,” ಎಂದು ಅಂಗಡಿಯ ಅಕ್ಷರಪಟದ ಮುಂದೆ ನಿಂತು, ಬಲಗಣ್ಣು ಮುಚ್ಚಿ, ಮೇಲಿನ ದೊಡ್ಡಕ್ಷರದಿಂದ ಕೆಳಗಿನ ಇರುವೆಯಂಥ ಅಕ್ಷರದವರೆಗೆ ಗಡಗಡ ಓದಿಬಿಡುತ್ತಿದ್ದರು. “ಕೊನೇ ಸಾಲು ಕಣೇ, ಕೊನೇ ಸಾಲು!”

ಈ ಪಟದ ವಿಷಯ ಹೇಳಬೇಕು. ಇದನ್ನು ಅಚ್ಚು ಹಾಕಿಸಿದವರು ನಮ್ಮ ಮಾವನವರು. ಎಲ್ಲ ಸಾಲುಗಳ ಕೆಳಗೆ, ಅತಿ ಸಣ್ಣ ಅಕ್ಷರದಲ್ಲಿ, ನಮ್ಮ ಅಂಗಡಿಯ ಹೆಸರು, ವಿಳಾಸ. ಊರಿನ ಕಣ್ಣಿನ ಡಾಕ್ಟರುಗಳಿಗೆಲ್ಲ ಅದನ್ನು ಪುಕ್ಕಟೆ ಹಂಚಿದ್ದರು. ವಿಳಾಸ ಓದಲಾಗದವನೇ ನಮ್ಮ ಗಿರಾಕಿ, ಓದಲಾಗದಿದ್ದರೆ ಅವನು ಬರುವುದು ಹೇಗೆ ಎಂದು ಮಾವನವರು ಯೋಚಿಸಲಿಲ್ಲ. ನನ್ನ ಗಂಡ ಮಾತು ಕಲಿತದ್ದೇ ಆ ಪಟದ ಕೆಳಗೆ. ಬೇರೆ ಮಕ್ಕಳು ಮಗ್ಗಿ ಒಪ್ಪಿಸುವ ವಯಸ್ಸಿನಲ್ಲಿ ಇವರು ಬಂದ ನೆಂಟರಿಗೆಲ್ಲ ಪಟ ಒಪ್ಪಿಸುತ್ತಿದ್ದರಂತೆ.

ಅಷ್ಟರಲ್ಲಿ ಮನೆಯಲ್ಲಿ ಒಂದೊಂದೇ ಎಡವಟ್ಟು ಕಾಣಿಸಿತು. ಲೋಟ ಬಿಟ್ಟು ಮೇಜಿಗೆ ನೀರು ಸುರಿದರು. ಎಡಗಡೆಯಿಂದ ಬಂದ ಸೈಕಲ್ಲಿಗೆ ತಾವೇ ಹೋಗಿ ತಾಗಿ, ಸೈಕಲ್ಲಿನವನಿಗೇ “ಕಣ್ಣಿಲ್ವೇನೋ?” ಎಂದು ರೇಗಿದರು. ನಾನು ಕೇಳಿದರೆ ಮತ್ತೆ ಪಟದ ಮುಂದೆ ಹೋದರು. ಆದರೆ ಆವತ್ತು ಒಂದು ವಿಷಯ ಗಮನಿಸಿದೆ. ಪಟದ ಕಡೆ ತಿರುಗಿ ನಿಲ್ಲುವ ಮೊದಲೇ ಮೊದಲ ಸಾಲು ಅವರ ಬಾಯಿಂದ ಬಂದಿತ್ತು.

ಮರುದಿನ ಅಂಗಡಿಗೆ ಬೀಗ ಜಡಿದು, ಬೀಗದ ಕೈ ನನ್ನ ಚೀಲಕ್ಕೆ ಹಾಕಿಕೊಂಡು, “ಡಾಕ್ಟರ ಹತ್ರ ಹೋಗಿ ಬಂದ ಮೇಲೇನೇ ಇದು ತೆಗೆಯೋದು” ಎಂದೆ. ಬೀದಿಯಲ್ಲಿ ಜಗಳವಾಡಿದರೆ ಮರ್ಯಾದೆ ಹೋಗುತ್ತದೆಂದು ಹೊರಟರು.

ಡಾಕ್ಟರಮ್ಮನ ಕೋಣೆ ಚಿಕ್ಕದು. ಬಿಳಿ ಗೋಡೆಗೆ ಮೊಳೆ, ಮೊಳೆಗೆ ಮಾವನವರ ಪಟ, ಪಟದ ಕೆಳಗೆ ರೋಗಿಯ ಜೊತೆ ಬಂದವರಿಗೊಂದು ಸ್ಟೂಲು. ಅಲ್ಲಿ ನಾನು. ಎದುರಿನ ಕುರ್ಚಿಯಲ್ಲಿ ಇವರು. ಬಲಗಣ್ಣಿನದು ಮುಗಿಯಿತು, ಒಂದಕ್ಷರವೂ ತಪ್ಪಿಲ್ಲ.

“ಬಲಗಣ್ಣು ಮುಚ್ಚಿ, ಈಗ ಎಡಗಣ್ಣಲ್ಲಿ ಓದಿ,” ಎಂದು ಡಾಕ್ಟರಮ್ಮ ಬರೆಯಲು ತಲೆ ಬಗ್ಗಿಸಿದರು.

ಇವರು ಬಲಗಣ್ಣು ಮುಚ್ಚಿದ್ದೇ ತಡ, ನಾನು ಎದ್ದು ಪಟವನ್ನು ಮೊಳೆಯಿಂದ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡೆ. ಕಂಡಿದ್ದರೆ ಇವರು ಬೈದೇ ಬೈಯುತ್ತಾರೆ. ಬೈಯಲಿ ದೇವರೇ, ಬೈಯಲಿ ಎಂದೇ ಬೇಡಿಕೊಂಡೆ.

ಇವರು ಗಂಟಲು ಸರಿಮಾಡಿಕೊಂಡು ಶುರುಮಾಡಿದರು. ಮೊದಲ ಸಾಲು, ಎರಡನೆಯದು, ಮೂರನೆಯದು. ಬರಿಯ ಗೋಡೆ ನೋಡಿಕೊಂಡು, ಎಲ್ಲಿ ನಿಲ್ಲಿಸಬೇಕೋ ಅಲ್ಲಿ ನಿಲ್ಲಿಸಿ, ಒಂದು ಕಡೆಯಂತೂ ಕಣ್ಣು ಕಿರಿದು ಮಾಡಿ ಕಷ್ಟಪಟ್ಟವರಂತೆ ನಟಿಸಿ, ಕೊನೆಗೆ ಅಂಗಡಿಯ ಹೆಸರು, ವಿಳಾಸ ಎಲ್ಲ ಓದಿ ಮುಗಿಸಿದರು.

“ಸಾಕಾ ಡಾಕ್ಟ್ರೇ? ಒತ್ತಡ ಗಿತ್ತಡ ನೋಡೋದು ಇನ್ನೊಂದ್ಸಲ ಇಟ್ಕೊಳ್ಳಿ, ಅಂಗಡೀಲಿ ಜನ ಕಾಯ್ತಿದಾರೆ.”

ಪೂರ್ತಿ ಅಂಕ ಬರೆದು ಡಾಕ್ಟರಮ್ಮ ತಲೆಯೆತ್ತಿದರು. ಗೋಡೆ ನೋಡಿದರು, ನನ್ನನ್ನು ನೋಡಿದರು. ಬರೆದದ್ದನ್ನು ಮೆಲ್ಲಗೆ ಹೊಡೆದುಹಾಕಿದರು.

ಎದ್ದು ಹೊರಡಲೆಂದು ಇವರು ಬಲಗಣ್ಣಿನ ಮೇಲಿನ ಕೈ ತೆಗೆದರು. ಮೊಳೆ ಕಂಡಿತು.

“ಯಾವಾಗ ತೆಗೆದೆ?” ಎಂದರು. ದನಿ ಇಳಿದುಹೋಗಿತ್ತು.

“ನೀವು ಶುರು ಮಾಡೋಕೆ ಮುಂಚೆ.”

ಅವರು ಮತ್ತೆ ಬಲಗಣ್ಣು ಮುಚ್ಚಿಕೊಂಡು ನನ್ನ ಕಡೆ ನೋಡಿದರು. ತುಂಬ ಹೊತ್ತು ನೋಡಿದರು. “ನೀನೂ ಸರಿಯಾಗಿ ಕಾಣ್ತಿಲ್ಲ ಕಣೇ,” ಎಂದರು. “ಹೇಳಿದ್ರೆ ಹನಿ ಕಿತ್ಕೋತಾರೆ, ಕಣ್ಣು ಮತ್ತೆ ಕೆಂಪಾಗತ್ತೆ, ಅಂಗಡಿ ಮುಚ್ಚತ್ತೆ ಅಂತ…” ಜೇಬಿನಿಂದ ‘ತಂಪು’ ಡಬ್ಬಿ ತೆಗೆದು ಮೇಜಿನ ಮೇಲಿಟ್ಟರು.

ನನಗೆ ಸಿಟ್ಟು ಉಕ್ಕಿ ಬಂತು, ಅದರ ಹಿಂದೆಯೇ ಅಳುವೂ ಬಂತು.

ಡಾಕ್ಟರಮ್ಮ ಆವತ್ತು ಏನನ್ನೂ ಇನ್ನೊಂದು ಸಲಕ್ಕೆ ಬಿಡಲಿಲ್ಲ. ಒತ್ತಡ ವಿಪರೀತ ಏರಿತ್ತು. ಪೊರೆ ದಪ್ಪಗೆ ಕಟ್ಟಿತ್ತು. “ಪೊರೆ ತೆಗೀಬಹುದು, ಆದ್ರೆ ಮೊದಲು ಉರಿಯೂತ ತಣ್ಣಗಾಗ್ಬೇಕು. ಅದಕ್ಕೆ ಬೇರೆ ಮಾತ್ರೆ ಇದೆ, ಅದು ಹಿಡಿತಕ್ಕೆ ಬಂದ ಹಾಗೆ ಸ್ಟೀರಾಯ್ಡ್ ಇಳಿಸೋಣ. ಒತ್ತಡಕ್ಕೆ ಇವತ್ತಿಂದಲೇ ಔಷಧಿ. ಒಳಗಿನ ನರ ಸ್ವಲ್ಪ ಸವೆದಿದೆ. ಅದು ಮಾತ್ರ ಹೋದದ್ದು ಹೋಯ್ತು, ವಾಪಸ್ ಬರಲ್ಲ. ಉಳಿದದ್ದನ್ನ ಉಳಿಸ್ಕೊಳ್ಳೋಣ.” ಆಮೇಲೆ ನನ್ನ ಕಡೆ ತಿರುಗಿ, ಸಣ್ಣ ದನಿಯಲ್ಲಿ, “ನಾನೂ ಕಿವಿಯಲ್ಲೇ ಪರೀಕ್ಷೆ ಮಾಡ್ಬಿಟ್ಟೆ ನೋಡಿ,” ಎಂದರು.

ಡ್ರಾಯರಿನಿಂದ ಬೇರೊಂದು ಪಟ ತೆಗೆದು ಮೊಳೆಗೆ ಸಿಕ್ಕಿಸಿದರು. ಅದರಲ್ಲಿ ಯಾವ ಅಂಗಡಿಯ ಹೆಸರೂ ಇರಲಿಲ್ಲ. ಇವರು ಎಡಗಣ್ಣಲ್ಲಿ ನೋಡಿದರು. ಅಭ್ಯಾಸಬಲದಿಂದ ಬಾಯಿ ತೆರೆಯಿತು, ಮತ್ತೆ ಮುಚ್ಚಿತು.

“ಮೇಲೆ ಏನೋ ಕಪ್ಪಗಿದೆ,” ಎಂದರು. “ಏನು ಅಂತ ಗೊತ್ತಾಗ್ತಿಲ್ಲ.”

ಡಾಕ್ಟರಮ್ಮ ಅಷ್ಟನ್ನೇ ಬರೆದುಕೊಂಡರು. ನಾನು ಮಾವನವರ ಪಟವನ್ನು ಸುರುಳಿ ಸುತ್ತಿ, ಬೀಗದ ಕೈಯ ಜೊತೆ ಚೀಲಕ್ಕೆ ಹಾಕಿಕೊಂಡೆ.